ಉದ್ಘಾಟನೆಯ ಮಾರನೇ ದಿನ

ಓದುಗರ ಪತ್ರ: ಸರ್ಕಾರಗಳು ಕ್ರೀಡಾಂಗಣಕ್ಕೂ ಸ್ಮಾರಕಕ್ಕೂ ಹಣ ಸುರಿಯುವುದು ತಪ್ಪು ಎಂದು ಕಳೆದ ಸಂಚಿಕೆಯ ಸಂಪಾದಕೀಯದಲ್ಲಿ ಬರೆದಿದ್ದೀರಿ. ನಾನು ಮೂವತ್ತು ವರ್ಷ ಸರ್ಕಾರಿ ಲೆಕ್ಕಪತ್ರ ನೋಡಿದವನು. ದೊಡ್ಡ ಕಟ್ಟಡ ಕಟ್ಟಿದರೆ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ, ದೇಶಕ್ಕೆ ಹೆಸರು ಬರುತ್ತದೆ, ಕಟ್ಟಡವಾದರೂ ಉಳಿಯುತ್ತದೆ. ಬಡವರಿಗೆ ಹಂಚಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೀವೇ ಯೋಚನೆ ಮಾಡಿ.

ಸಂಪಾದಕರ ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿನಲ್ಲಿ ಬರೆದದ್ದಲ್ಲ, ಅನುಭವದಿಂದ ಬರೆದದ್ದು ಅಂತ ಗೊತ್ತಾಗುತ್ತದೆ. ಅದಕ್ಕೇ ನಾಲ್ಕು ಸಾಲಿನಲ್ಲಿ ಮುಗಿಸದೆ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಾನು ಒಪ್ಪುವ ಮಾತು. ಸೇತುವೆ, ರೈಲು ದಾರಿ, ಕುಡಿಯುವ ನೀರಿನ ಪೈಪು ಇವೆಲ್ಲ ದೊಡ್ಡ ಖರ್ಚುಗಳೇ. ಬಡವರಿಗೆ ಅವು ಬೇಕೇ ಬೇಕು. ದೊಡ್ಡದೆಲ್ಲ ದಂಡ ಅನ್ನುವ ಅರ್ಥ ನನ್ನ ಸಂಪಾದಕೀಯದಲ್ಲಿ ಬಂದಿದ್ದರೆ ತಪ್ಪು ನನ್ನದು. ಆದರೆ ‘ಕಟ್ಟಡವಾದರೂ ಉಳಿಯುತ್ತದೆ’ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಬ್ರೆಜಿಲ್ ಕಥೆ ನೋಡಿ. 2014ರ ಫುಟ್‌ಬಾಲ್ ವಿಶ್ವಕಪ್‌ಗೆ ಆ ದೇಶ 12 ಕ್ರೀಡಾಂಗಣಗಳನ್ನು ಸಿದ್ಧ ಮಾಡಿತು. ಅಮೆಜಾನ್ ಕಾಡಿನ ನಡುವೆ ಇರುವ ಮನೌಸ್ ನಗರದಲ್ಲಿ 40 ಸಾವಿರಕ್ಕಿಂತ ಜಾಸ್ತಿ ಜನ ಕೂರುವಂಥದ್ದು ಎದ್ದು ನಿಂತಿತು. ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ಒಂದು ತಂಡವೂ ಆ ಊರಿನಲ್ಲಿ ಇರಲಿಲ್ಲ. ಅಲ್ಲಿ ನಡೆದದ್ದು ವಿಶ್ವಕಪ್‌ನ ನಾಲ್ಕೇ ಪಂದ್ಯ. ರಾಜಧಾನಿ ಬ್ರೆಸೀಲಿಯಾದ ಕ್ರೀಡಾಂಗಣ ಅದಕ್ಕಿಂತ ದುಬಾರಿ. ಮಾರನೇ ವರ್ಷವೇ ಅದರ ಆವರಣ ಸಿಟಿ ಬಸ್ಸು ನಿಲ್ಲಿಸುವ ಜಾಗವಾಯಿತು.

2021ರ ಜನವರಿಯಲ್ಲಿ ಅದೇ ಮನೌಸ್‌ನ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿಯಿತು. ಕೋವಿಡ್ ರೋಗಿಗಳ ಮನೆಯವರು ಸಿಲಿಂಡರ್‌ಗಾಗಿ ಊರೆಲ್ಲ ಅಲೆದರು. ಉಸಿರು ಸಿಗದೆ ಜನ ಸತ್ತರು. ಕ್ರೀಡಾಂಗಣ ಕಟ್ಟಿದ್ದಕ್ಕೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ, ಅಷ್ಟು ಸರಳ ಅಲ್ಲ ಅದು. ಆದರೆ ಆ ದಿನ ಆ ಊರಿಗೆ ಬೇಕಾಗಿದ್ದದ್ದು ಯಾವುದು, ಊರಿನಲ್ಲಿ ಇದ್ದದ್ದು ಯಾವುದು ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದನ್ನು ಅಲ್ಲಿಯ ಜನ ಮೊದಲೇ ಕೇಳಿದ್ದರು. 2013ರ ಜೂನ್‌ನಲ್ಲಿ ಸಾವೊ ಪಾಲೊದಲ್ಲಿ ಬಸ್ ಟಿಕೆಟ್ ದರ 20 ಸೆಂಟಾವೊ ಏರಿತು. ನಮ್ಮ ಲೆಕ್ಕದಲ್ಲಿ ಚಿಲ್ಲರೆ ಕಾಸು. ಅದರಿಂದ ಶುರುವಾದ ಪ್ರತಿಭಟನೆ ದೇಶದ ತುಂಬ ಹಬ್ಬಿತು. ‘ನಮಗೆ ಫೀಫಾ ಗುಣಮಟ್ಟದ ಆಸ್ಪತ್ರೆ ಕೊಡಿ, ಶಾಲೆ ಕೊಡಿ’ ಎಂದು ಬೋರ್ಡ್ ಹಿಡಿದು ಜನ ಬೀದಿಗೆ ಬಂದರು. ಫೀಫಾ ಅಂದರೆ ವಿಶ್ವಕಪ್ ನಡೆಸುವ ಸಂಸ್ಥೆ. ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ಜನ ಕೇಳಿದ್ದು ಅದು.

ಇನ್ನು ನಿಮ್ಮ ಹುಣಸೆಹಣ್ಣು. ಇದಕ್ಕೂ ಬ್ರೆಜಿಲ್‌ನಲ್ಲೇ ಉತ್ತರ ಇದೆ. 2003ರಲ್ಲಿ ಅಲ್ಲಿ ಬೊಲ್ಸಾ ಫಮೀಲಿಯಾ ಅನ್ನುವ ಯೋಜನೆ ಬಂತು. ಬಡ ಕುಟುಂಬಕ್ಕೆ ತಿಂಗಳು ತಿಂಗಳು ಸ್ವಲ್ಪ ಹಣ. ಹಂಚಲು ಮಧ್ಯವರ್ತಿ ಇಲ್ಲ, ಬ್ಯಾಂಕ್ ಕಾರ್ಡ್. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಾರ್ಡ್ ಹೆಂಗಸರ ಹೆಸರಿನಲ್ಲಿ. ಮಕ್ಕಳು ಶಾಲೆಗೆ ಹೋಗಬೇಕು, ಲಸಿಕೆ ಹಾಕಿಸಬೇಕು, ಇವೇ ಮುಖ್ಯ ಷರತ್ತು. ಹತ್ತು ವರ್ಷದಲ್ಲಿ ಇದು ದೇಶದ ಸುಮಾರು ಕಾಲು ಭಾಗ ಜನರಿಗೆ ಮುಟ್ಟಿತು. ತಗಲಿದ ಖರ್ಚು ದೇಶದ ಒಟ್ಟು ಉತ್ಪನ್ನದ ಶೇ 0.5ರಷ್ಟು. ಯೋಜನೆ ಚೆನ್ನಾಗಿ ಮುಟ್ಟಿದ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ 17ರಷ್ಟು ಕಡಿಮೆಯಾಗಿತ್ತು, ಅಪೌಷ್ಟಿಕತೆಯಿಂದ ಆಗುವ ಸಾವು ಶೇ 65ರಷ್ಟು ಎಂದು 2013ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. 2014ರಲ್ಲಿ, ವಿಶ್ವಕಪ್ ನಡೆದ ಅದೇ ವರ್ಷ, ಹಸಿವು ಹೆಚ್ಚಿರುವ ದೇಶಗಳನ್ನು ಗುರುತಿಸುವ ವಿಶ್ವಸಂಸ್ಥೆಯ ಹಸಿವಿನ ಭೂಪಟದಿಂದ ಬ್ರೆಜಿಲ್ ಹೊರಬಂತು.

ಸೋರಿಕೆ ಇರಲೇ ಇಲ್ಲ ಅನ್ನುವುದಿಲ್ಲ. ಆದರೆ ಕಟ್ಟಡದ ಹಣ ಸೋರುವುದಿಲ್ವಾ? ಬ್ರೆಸೀಲಿಯಾದ ಆ ಕ್ರೀಡಾಂಗಣದ ಅವ್ಯವಹಾರದ ತನಿಖೆಯಲ್ಲಿ 2017ರಲ್ಲಿ ಇಬ್ಬರು ಮಾಜಿ ಗವರ್ನರ್‌ಗಳೇ (ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ) ಬಂಧನಕ್ಕೆ ಒಳಗಾದರು. ಬಡವರ ಯೋಜನೆ ಬಂದಾಗ ಮಾತ್ರ ನಮಗೆ ಸೋರಿಕೆ ನೆನಪಾಗುವುದು ಯಾಕೆ ಅಂತ ನನಗೆ ನೋವಾಗುತ್ತದೆ.

ನಾನು ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ಒಂದು ಸರ್ಕಾರಿ ಆಸ್ಪತ್ರೆ. ಹೊಸ ಕಟ್ಟಡ, ಬಾಗಿಲ ಪಕ್ಕ ಅಮೃತಶಿಲೆಯ ಫಲಕ, ಅದರ ಮೇಲೆ ಹನ್ನೊಂದು ಹೆಸರು. ಒಳಗೆ ಎಕ್ಸ್‌ರೇ ಮಷಿನ್. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ, ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಅದನ್ನು ನಡೆಸುವವರನ್ನು ನೇಮಿಸಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ. ಮುರಿದ ಮಣಿಕಟ್ಟಿಗೆ ಟವೆಲ್ ಸುತ್ತಿಕೊಂಡು, ಖಾಸಗಿಯವರ ಹತ್ತಿರ ಎಕ್ಸ್‌ರೇ ತೆಗೆಸಲು ಎಷ್ಟಾಗುತ್ತದೆ ಅಂತ ಪಕ್ಕದವರನ್ನು ಕೇಳುತ್ತಿದ್ದರು. ಕೈಯನ್ನು ಮಗುವಿನ ಹಾಗೆ ಎದೆಗೆ ಒತ್ತಿ ಹಿಡಿದಿದ್ದರು.

ನಿಮಗೆ ಗೊತ್ತಿರುವುದೇ ಇದು. ಮಷಿನ್ ಕೊಳ್ಳುವುದು ಒಂದು ಸಲದ ಖರ್ಚು, ಫೋಟೊ ಬರುತ್ತದೆ. ಟೆಕ್ನಿಶಿಯನ್ ಸಂಬಳ, ಔಷಧಿ, ರಿಪೇರಿ ಪ್ರತಿ ತಿಂಗಳ ಖರ್ಚು. ಅದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಕಾಸು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಬಡವರ ಬದುಕು ನಿಂತಿರುವುದು ಮಾತ್ರ ಈ ತಿಂಗಳ ಖರ್ಚಿನ ಮೇಲೆ.

ಬಡವರಿಗೆ ಬೇಕಾದದ್ದಕ್ಕೆ ಹಣ ಸಿಗದಿರಲು ಇನ್ನೊಂದು ಕಾರಣ ಹಳೆಯದು: ಕಷ್ಟ ಆಳುವವರ ಬಾಗಿಲಿಗೆ ಬರುವ ತನಕ ಹಣ ಹೊರಡುವುದಿಲ್ಲ. 1854ರಲ್ಲಿ ಲಂಡನ್‌ನಲ್ಲಿ ಕಾಲರಾಗೆ ಸಾವಿರಾರು ಜನ ಸತ್ತರೂ ಇಡೀ ಊರಿಗೆ ಒಳಚರಂಡಿ ಆಗಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ ಭವನದ ಒಳಗೇ ನುಗ್ಗಿತು. ನಾತ ತಡೆಯಲು ಸಂಸದರು ಕಿಟಕಿ ಪರದೆಗಳನ್ನು ಸುಣ್ಣದ ಕ್ಲೋರೈಡ್‌ನಲ್ಲಿ (ಬ್ಲೀಚಿಂಗ್ ಪೌಡರ್) ಅದ್ದಿಸಿ ಕೂತರು. ಆಮೇಲೆ 18 ದಿನದಲ್ಲಿ ಒಳಚರಂಡಿಗೆ ಕಾನೂನು ಆಯಿತು. ದುಡ್ಡೂ ಹುಟ್ಟಿತು.

ನಿಮ್ಮಲ್ಲಿ ಒಂದು ಕೇಳಿಕೆ ಇದೆ. ಮೂವತ್ತು ವರ್ಷ ಲೆಕ್ಕ ನೋಡಿದ ಕಣ್ಣು ನಿಮ್ಮದು. ಯಾವುದಾದರೂ ಒಂದು ಬಜೆಟ್ ಪುಸ್ತಕ ತೆಗೆದುಕೊಳ್ಳಿ. ಆಸ್ಪತ್ರೆ ಕಟ್ಟಲು ಎಷ್ಟು, ಕಟ್ಟಿದ ಮೇಲೆ ಅದನ್ನು ನಡೆಸಲು ಎಷ್ಟು ಇಟ್ಟಿದ್ದಾರೆ, ಎರಡನ್ನೂ ಪಕ್ಕಪಕ್ಕ ಬರೆದು ಕಳಿಸಿ. ನನ್ನ ಮಾತು ಸುಳ್ಳಾಗಿದ್ದರೂ ಸರಿ, ಒಂದು ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ.