ಹಾಡು ಯಾರು ಆರಿಸಬೇಕು?

ಭಯಕ್ಕೆ ತಪಾಸಣೆ ಮುಂದೂಡುವವರು ನನ್ನ ಬಳಿ ಪದೇ ಪದೇ ಬರುತ್ತಾರೆ. ಇವರೂ ಹಾಗೇ ಬಂದವರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 60ರ ಆಸುಪಾಸು, ಕುಂದಾಪುರದ ಕಡೆಯವರು. ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡಿದ್ದರು. ಅದು ಮತ್ತೆ ಬರುವುದು ಜಾಸ್ತಿ, ಹಾಗಾಗಿ ಆಗಾಗ ಸಿಸ್ಟೋಸ್ಕೋಪಿ ಆಗಲೇಬೇಕು. ಮೂತ್ರನಾಳದ ಮೂಲಕ ಸಣ್ಣ ಕ್ಯಾಮೆರಾ ಹಾಕಿ ಕೆಲವೇ ನಿಮಿಷ ನೋಡುತ್ತಾರೆ. ಸಾಮಾನ್ಯವಾಗಿ ರೋಗಿ ಎಚ್ಚರವಾಗೇ ಇರುತ್ತಾರೆ.

ಕಳೆದ ಸಲದ ತಪಾಸಣೆಗೆ, ಭಯ ಕಡಿಮೆಯಾಗಲಿ ಅಂತ ಮಗಳು ಫೋನಿನಲ್ಲಿ ಕೊಳಲು ವಾದನ ಹಾಕಿಕೊಟ್ಟಿದ್ದಳು. ಇವರು ಅರ್ಧಕ್ಕೇ ಎದ್ದು ಬಂದಿದ್ದರು.

"ಸಂಗೀತ ಗಿಂಗೀತ ಎಲ್ಲ ಸುಮ್ನೆ" ಅಂದರು.

"ಕೊಳಲು ನಿಮಗೆ ಇಷ್ಟವಾ?" ಅಂತ ಕೇಳಿದೆ.

"ನನ್ನನ್ನ ಯಾರು ಕೇಳಿದ್ರು? ಹೆಂಡತಿ ಐಸಿಯುನಲ್ಲಿದ್ದಾಗ ಹೊರಗೆ ಅದನ್ನೇ ಹಾಕ್ತಿದ್ರು. ಕೇಳ್ತಾ ಕೂತಿದ್ದೆ."

ಮಗಳಿಗೂ ಇದು ಗೊತ್ತಿರಲಿಲ್ಲ. ಹಾಗಾದರೆ ಏನು ಕೇಳ್ತೀರಿ ಅಂದೆ.

"ಯಕ್ಷಗಾನ. ಏರುಪದ. ಚಂಡೆ ಬೀಳ್ಬೇಕು."

ಏರುಪದ ಅಂದರೆ ಯುದ್ಧದಂಥ ಸನ್ನಿವೇಶಕ್ಕೆ ಹಾಡುವ ಬಿರುಸಿನ ಪದ. ಅವರ ಬೆರಳು ಆಗಲೇ ಮೇಜಿನ ಮೇಲೆ ತಾಳ ಹಾಕುತ್ತಿತ್ತು. "ಅಷ್ಟು ಗದ್ದಲ ಆಗುತ್ತಾ?" ಅಂತ ಮಗಳು ಗಾಬರಿಯಾದಳು. ಅದನ್ನೇ ಹಾಕಿಕೊಡಿ ಅಂದೆ.

ಈ ಸಲಹೆಗೆ ಆಕ್ಷೇಪ ಕೇಳಿದ್ದೇನೆ. ನಿಧಾನದ ಸಂಗೀತವೇ ಸರಿ ಅನ್ನುತ್ತಾರೆ. ಬಹಳ ಜನಕ್ಕೆ ಅದು ಸರಿಯೇ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 70ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಲೇಖನ ಬಂತು. ಸಂಗೀತ ಕೇಳಿದವರಿಗೆ ಆಪರೇಷನ್ ನಂತರದ ನೋವು, ಆತಂಕ ಕಡಿಮೆ ಇತ್ತು. ರೋಗಿಯೇ ಹಾಡು ಆರಿಸಿದರೆ ಇನ್ನೂ ಹೆಚ್ಚು ಲಾಭ ಅಂತ ಅದರಲ್ಲಿ ಖಚಿತವಾಗಲಿಲ್ಲ. ಆದರೂ ನಾನು ಹಟ ಬಿಡುವುದಿಲ್ಲ. ಬಟ್ಟೆ ಬಿಚ್ಚಿ ಆ ಮೇಜಿನ ಮೇಲೆ ಮಲಗಿದವರ ಕೈಯಲ್ಲಿ ಬೇರೇನೂ ಇರುವುದಿಲ್ಲ, ಅಲ್ವಾ? ಹಾಡಾದರೂ ಅವರದೇ ಇರಲಿ.

ಇಷ್ಟು ಹೇಳಿ ಕಳಿಸಿದೆ: ಡಾಕ್ಟರಿಗೆ ಮೊದಲೇ ತಿಳಿಸಿ. ಒಳಗೆ ಹೋಗುವ ಮುಂಚೆಯೇ ಪದ ಶುರುವಾಗಲಿ. ಇಯರ್‌ಫೋನ್ ಒಂದೇ ಕಿವಿಗೆ, ಡಾಕ್ಟರ ಮಾತೂ ಕೇಳಿಸಬೇಕು. ಮರಗಟ್ಟಿಸುವ ಜೆಲ್ ಹಾಕಿದ ಮೇಲೆ ಅದು ಹಿಡಿಯಲು ಸಮಯ ಕೊಡಿ ಅಂತ ಕೇಳಿ. ಜೆಲ್ ಮಾಡುವ ಕೆಲಸವನ್ನು ಹಾಡು ಮಾಡುವುದಿಲ್ಲ. ನೋವಾದರೆ ಬಾಯಿಬಿಟ್ಟು ಹೇಳಿ. "ಹಾಡು ಕೇಳ್ತಾ ಸಹಿಸ್ಕೊಳ್ಳಿ" ಅಂತ ರೋಗಿಯ ಬಾಯಿ ಮುಚ್ಚಿಸುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ಆಮೇಲೆ ಫೋನ್ ಮಾಡಿದ್ದರು. ಉರಿ ಇತ್ತು, ನೋವೂ ಸ್ವಲ್ಪ ಇತ್ತು ಅಂದರು. ಈ ಸಲ ಎದ್ದು ಬರಲಿಲ್ಲ. ಮುಂದಿನ ತಪಾಸಣೆಯ ತಾರೀಖನ್ನು ಅಲ್ಲೇ ಬರೆಸಿಕೊಂಡು ಬಂದಿದ್ದಾರೆ.