ಉಚ್ಚಿಲ ಸ್ಟಾಪ್ ಸೇರಿತು, ಬಸ್ಸೇ ಮಾಯವಾಯಿತು

ನಮಸ್ಕಾರ.

ನೀವು ಕಳಿಸಿದ ‘ಎಕ್ಸ್‌ಎಂಎಲ್ ಕಡತದಲ್ಲಿ ಹೊಸ ಎಲಿಮೆಂಟ್ ಸೇರಿಸುವ ವಿಧಾನ’ ಲೇಖನ ಓದಿದೆ. ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಇಡುವ ಎಕ್ಸ್‌ಎಂಎಲ್ ಫೈಲಿಗೆ, ಎಕ್ಸ್‌ಎಸ್‌ಎಲ್‌ಟಿ ಅನ್ನುವ ಭಾಷೆ ಬಳಸಿ ಹೊಸ ಎಲಿಮೆಂಟ್ (ಟ್ಯಾಗ್ ಮತ್ತು ಅದರ ಒಳಗಿರುವುದು) ಸೇರಿಸುವುದು ಅದರ ವಿಷಯ. ಆಮೇಲೆ ಅದರಲ್ಲಿದ್ದ ಕೋಡನ್ನು ಟೈಪ್ ಮಾಡಿ ಓಡಿಸಿಯೂ ನೋಡಿದೆ. ಈಗ ಇರುವ ಹಾಗೆ ಪತ್ರಿಕೆಗೆ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಸುಮ್ನೆ ಮೂಲೆಗೆ ಹಾಕುವಂಥದ್ದೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಬೇಡಿ.

ಮೊದಲ ಮೂರು ಪುಟ ತೆಗೆದುಬಿಡಿ. ‘ಇಂದಿನ ಮಾಹಿತಿ ಯುಗದಲ್ಲಿ’ ಅಂತ ಶುರುವಾಗುವ ಲೇಖನ ನನ್ನ ಮೇಜಿಗೆ ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಎಕ್ಸ್‌ಎಂಎಲ್‌ಗೆ ‘ವಿಸ್ತರಣೀಯ ಗುರುತು ಭಾಷೆ’, ಎಕ್ಸ್‌ಎಸ್‌ಎಲ್‌ಟಿಗೆ ‘ಶೈಲಿಪತ್ರ ರೂಪಾಂತರಣ’ ಬೇರೆ! ಆಫೀಸಿನಲ್ಲಿ ಪಕ್ಕದವರ ಹತ್ತಿರ ‘ಆ ಶೈಲಿಪತ್ರ ಕಳಿಸಿ’ ಅಂತೀರಾ ಮಾರಾಯ್ರೆ? ಸ್ಟೈಲ್‌ಶೀಟ್, ಟೆಂಪ್ಲೇಟ್, ಎಲಿಮೆಂಟ್ ಅಂತಲೇ ಬರೆಯಿರಿ. ಓದುವವರಿಗೂ ಅದೇ ಅಭ್ಯಾಸ.

ನಿಮ್ಮ ನಿಜವಾದ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ. ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನ ಸ್ಟಾಪ್ ಪಟ್ಟಿ, ಅದರಲ್ಲಿ ಕಾಪು ಆದ ಮೇಲೆ ಉಚ್ಚಿಲ ಬಿಟ್ಟುಹೋಗಿದೆ, ಅದನ್ನು ಸೇರಿಸಬೇಕು. ಎಷ್ಟು ಚಂದದ ಉದಾಹರಣೆ! ಎಲ್ಲರೂ ಪುಸ್ತಕದಂಗಡಿಯ ಪಟ್ಟಿಯನ್ನೇ ಕೊಡುತ್ತಾರೆ, ನೀವು ಬಸ್ ಹತ್ತಿಸಿದ್ದೀರಿ. ಟ್ಯಾಗ್‌ಗಳನ್ನೂ ಕನ್ನಡದಲ್ಲೇ ಇಟ್ಟದ್ದು ನನಗೆ ಖುಷಿಯಾಯಿತು. ಎಕ್ಸ್‌ಎಂಎಲ್‌ನಲ್ಲಿ ಹೀಗೆ ಮಾಡಬಹುದು ಅಂತ ತುಂಬ ಜನರಿಗೆ ಗೊತ್ತೇ ಇಲ್ಲ. ಲೇಖನದ ಮೊದಲ ಸಾಲೇ ಈ ಬಸ್ಸಾಗಲಿ.

ಈಗ ಕಷ್ಟದ ಮಾತು. ನಿಮ್ಮ ಸ್ಟೈಲ್‌ಶೀಟ್‌ನಲ್ಲಿ (ಎಕ್ಸ್‌ಎಸ್‌ಎಲ್‌ಟಿ ಕೋಡ್ ಇರುವ ಫೈಲಿನಲ್ಲಿ) ಇರುವುದು ಒಂದೇ ಟೆಂಪ್ಲೇಟ್, ಅಂದರೆ ಒಂದೇ ನಿಯಮ. ಕಾಪು ಸ್ಟಾಪ್ ಸಿಕ್ಕಿದರೆ ಅದನ್ನು ಕಾಪಿ ಮಾಡು, ಅದರ ಕೆಳಗೆ ಉಚ್ಚಿಲ ಬರೆ ಅನ್ನುತ್ತದೆ ಅದು. ಓಡಿಸಿದಾಗ ನನಗೆ ಬಂದದ್ದು ಇದು:

ಉಡುಪಿ
ಕಟಪಾಡಿ
<ನಿಲ್ದಾಣ ಸಮಯ="7.20">ಕಾಪು</ನಿಲ್ದಾಣ>
<ನಿಲ್ದಾಣ ಸಮಯ="7.27">ಉಚ್ಚಿಲ</ನಿಲ್ದಾಣ>
ಪಡುಬಿದ್ರಿ
ಮುಲ್ಕಿ

ಹಳೆಯಂಗಡಿ, ಸುರತ್ಕಲ್, ಮಂಗಳೂರಿಗೂ ಇದೇ ಗತಿ. ಉಚ್ಚಿಲ ಸೇರಿದೆ, ಸರಿ. ಆದರೆ ಉಳಿದ ಊರುಗಳ ಟ್ಯಾಗ್ ಎಲ್ಲಿ? ಸಮಯ ಎಲ್ಲಿ? ಎಲ್ಲವನ್ನೂ ಒಳಗಿಟ್ಟುಕೊಂಡಿದ್ದ ‘ಬಸ್’ ಎಲಿಮೆಂಟೇ ಹೋಗಿದೆ! ಇದು ಈಗ ಎಕ್ಸ್‌ಎಂಎಲ್ಲೇ ಅಲ್ಲ. ಲೇಖನದಲ್ಲಿ ನೀವು ತೋರಿಸಿದ ಔಟ್‌ಪುಟ್ ಮಾತ್ರ ಅಚ್ಚುಕಟ್ಟಾಗಿದೆ. ಅದು ಕೈಯಲ್ಲಿ ಬರೆದದ್ದು, ಅಲ್ವಾ? ಇನ್ನು ಮುಂದೆ ಹಾಗೆ ಮಾಡಬೇಡಿ. ಓದುಗರು ನಿಮ್ಮ ಕೋಡನ್ನು ಟೈಪ್ ಮಾಡಿ ನೋಡುತ್ತಾರೆ, ಆಗದಿದ್ದರೆ ನನಗೆ ಫೋನ್ ಮಾಡುತ್ತಾರೆ.

ಹೀಗೆ ಯಾಕಾಯಿತು ಅನ್ನುವುದೇ ನಿಮ್ಮ ಲೇಖನದ ಜೀವ ಆಗಬೇಕಿತ್ತು. ಎಕ್ಸ್‌ಎಸ್‌ಎಲ್‌ಟಿ ಫೈಲ್ ತೆರೆದು ನಡುವೆ ಏನನ್ನೋ ತುರುಕುತ್ತದೆ ಅಂತ ನೀವು ಬರೆದಿದ್ದೀರಿ. ಇಲ್ಲ. ಮೂಲ ಫೈಲನ್ನು ಅದು ಮುಟ್ಟುವುದೇ ಇಲ್ಲ. ಅದನ್ನು ಓದುತ್ತಾ ಹೋಗಿ ಬೇರೆಯೇ ಒಂದು ಹೊಸ ಮರ (ಒಂದರೊಳಗೊಂದು ಇರುವ ಎಲಿಮೆಂಟ್‌ಗಳ ರಚನೆ) ಕಟ್ಟುತ್ತದೆ. ನೀವು ಏನೂ ಹೇಳದ ಎಲಿಮೆಂಟ್ ಬಂದರೆ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಮೊದಲಿನಿಂದಲೇ ಇರುವ ನಿಯಮ ನಡೆಯುತ್ತದೆ. ಟ್ಯಾಗ್ ಬಿಟ್ಟು ಒಳಗೆ ಇಳಿ, ಪಠ್ಯ ಸಿಕ್ಕಿದರೆ ಬರೆದುಬಿಡು, ಇಷ್ಟೇ ಆ ನಿಯಮ. ಟ್ಯಾಗಿನಲ್ಲೇ ಬರೆದ ಆಟ್ರಿಬ್ಯೂಟ್ (ಇಲ್ಲಿ ‘ಸಮಯ’) ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಊರಿನ ಹೆಸರು ಉಳಿಯಿತು, ಸಮಯ ಹೋಯಿತು.

ಹಾಗಾಗಿ ಮೊದಲು ಬೇಕಾದದ್ದು ಐಡೆಂಟಿಟಿ ಟೆಂಪ್ಲೇಟ್. ಯಾವ ನೋಡ್ (ಎಲಿಮೆಂಟ್, ಪಠ್ಯದಂಥ ಮರದ ಒಂದು ತುಂಡು) ಬಂದರೂ, ಯಾವ ಆಟ್ರಿಬ್ಯೂಟ್ ಬಂದರೂ ಹಾಗೇ ಕಾಪಿ ಮಾಡು, ಒಳಗಿರುವುದಕ್ಕೂ ಇದನ್ನೇ ಮಾಡು ಅನ್ನುವ ನಾಲ್ಕೈದು ಸಾಲು. ಅದೊಂದೇ ಇದ್ದರೆ ಪಟ್ಟಿ ಹೋದ ಹಾಗೆಯೇ ವಾಪಸ್ ಬರುತ್ತದೆ. ಅದರ ಜೊತೆಗೆ ನಿಮ್ಮ ಕಾಪು ಟೆಂಪ್ಲೇಟ್ ಇಟ್ಟರೆ ಕೆಲಸ ಮುಗಿಯಿತು. ಓದುಗರಿಗೂ ಇದೇ ಕ್ರಮದಲ್ಲಿ ತೋರಿಸಿ. ಮೊದಲು ಕೆಟ್ಟ ಔಟ್‌ಪುಟ್, ಆಮೇಲೆ ಐಡೆಂಟಿಟಿ, ಆಮೇಲೆ ಸರಿಯಾದದ್ದು. ಯಾಕೆ ಬೇಕು ಅಂತ ಆಗ ತಾನೇ ಗೊತ್ತಾಗುತ್ತದೆ.

ಒಂದೇ ಎಲಿಮೆಂಟಿಗೆ ಎರಡು ಟೆಂಪ್ಲೇಟ್ ಹೊಂದಿದರೆ, ಸ್ಟೈಲ್‌ಶೀಟ್‌ನಲ್ಲಿ ಮೇಲೆ ಬರೆದದ್ದು ಮೊದಲು ನಡೆಯುತ್ತದೆ ಅಂತ ಆರನೇ ಪುಟದಲ್ಲಿದೆ. ತಪ್ಪು. ಯಾವುದು ಹೆಚ್ಚು ನಿರ್ದಿಷ್ಟವೋ ಅದು ಗೆಲ್ಲುತ್ತದೆ. ಐಡೆಂಟಿಟಿಗೆ ಇರುವ ಪ್ರಯಾರಿಟಿ ಮೈನಸ್ 0.5. ಬರೀ ‘ನಿಲ್ದಾಣ’ ಅಂತ ಹೆಸರು ಹೇಳಿದರೆ 0. ‘ಕಾಪು ಅಂತ ಇರುವ ನಿಲ್ದಾಣ’ ಅಂತ ಷರತ್ತು ಹಾಕಿದರೆ 0.5. ಎರಡರದ್ದೂ ಸಮ ಆದಾಗ ಮಾತ್ರ ಮೇಲೆ ಕೆಳಗೆ ಅನ್ನುವ ಪ್ರಶ್ನೆ ಬರುತ್ತದೆ.

ನಿಮ್ಮ ಎರಡನೇ ಉದಾಹರಣೆಯಲ್ಲಿ ‘ಬಸ್’ ಒಳಗೆ ಎಲ್ಲಕ್ಕಿಂತ ಮೊದಲು ಒಂದು ‘ಸೂಚನೆ’ ಸೇರಿಸುತ್ತೀರಿ. ಅಲ್ಲಿ ಸೂಚನೆ ಬರೆದು ಆಮೇಲೆ ಬಸ್ಸಿನ ಆಟ್ರಿಬ್ಯೂಟ್ ಕಾಪಿ ಮಾಡಲು ಹೊರಟಿದ್ದೀರಿ. ಒಳಗೆ ಮಗು ಹುಟ್ಟಿದ ಮೇಲೆ ತಾಯಿಗೆ ಹೊಸ ಆಟ್ರಿಬ್ಯೂಟ್ ಅಂಟಿಸಲಿಕ್ಕೆ ಎಕ್ಸ್‌ಎಸ್‌ಎಲ್‌ಟಿ ಬಿಡುವುದಿಲ್ಲ. ಅದರ 1.0 ಆವೃತ್ತಿಯ ನಿಯಮದ ಪ್ರಕಾರ ಪ್ರೊಸೆಸರ್ (ಸ್ಟೈಲ್‌ಶೀಟನ್ನು ಓಡಿಸುವ ತಂತ್ರಾಂಶ) ಎರರ್ ಕೊಟ್ಟು ನಿಲ್ಲಬಹುದು, ಇಲ್ಲವೇ ಆ ಆಟ್ರಿಬ್ಯೂಟನ್ನು ಬಿಟ್ಟು ಮುಂದೆ ಹೋಗಬಹುದು. ಎರಡನೆಯದೇ ಅಪಾಯ, ಯಾಕೆಂದರೆ ಗೊತ್ತೇ ಆಗುವುದಿಲ್ಲ. ಆಟ್ರಿಬ್ಯೂಟ್ ಮೊದಲು, ಆಮೇಲೆ ಸೂಚನೆ, ಆಮೇಲೆ ಉಳಿದ ಮಕ್ಕಳು.

ಅದೇ ಸ್ಟೈಲ್‌ಶೀಟನ್ನು, ಐಡೆಂಟಿಟಿ ಸೇರಿಸಿ ಸರಿಮಾಡಿದ ಮೇಲೆ, ಬಂದ ಔಟ್‌ಪುಟ್ ಮೇಲೆ ಇನ್ನೊಮ್ಮೆ ಓಡಿಸಿ ನೋಡಿ. ಎರಡು ಉಚ್ಚಿಲ ಬರುತ್ತದೆ. ಮುಂದಿನ ಸ್ಟಾಪ್ ಈಗಾಗಲೇ ಉಚ್ಚಿಲ ಆಗಿರದಿದ್ದರೆ ಮಾತ್ರ ಸೇರಿಸು ಅನ್ನುವ ಷರತ್ತು ಹಾಕಿ.

ನೇಮ್‌ಸ್ಪೇಸ್ (ಎಲಿಮೆಂಟಿನ ಹೆಸರು ಯಾವ ಗುಂಪಿಗೆ ಸೇರಿದ್ದು ಅಂತ ಹೇಳುವ ಗುರುತು) ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅದು ನನ್ನ ಹಳೇ ಗಾಯ. ಪತ್ರಿಕೆಗೆ ಬರುವ ಮೊದಲು ಮಣಿಪಾಲದಲ್ಲಿ ಪುಸ್ತಕಗಳ ಫೈಲ್ ಬದಲಾಯಿಸುವ ಕೆಲಸದಲ್ಲಿದ್ದೆ. ಒಂದು ರಾತ್ರಿ ಹನ್ನೊಂದರ ತನಕ ಕೂತೆ. ಟೆಂಪ್ಲೇಟ್ ಸರಿ, ಎರರ್ ಇಲ್ಲ, ಆದರೆ ಒಂದೇ ಒಂದು ಎಲಿಮೆಂಟೂ ಸೇರುತ್ತಿಲ್ಲ. ಕೊನೆಗೆ ನೋಡಿದರೆ ಮೂಲ ಫೈಲಿನ ಮೊದಲ ಸಾಲಿನಲ್ಲಿ, ಒಳಗಿನ ಎಲಿಮೆಂಟ್‌ಗಳಿಗೂ ತಾನಾಗಿ ಅನ್ವಯಿಸುವ ಡೀಫಾಲ್ಟ್ ನೇಮ್‌ಸ್ಪೇಸ್ ಉಂಟು! 1.0ರಲ್ಲಿ ಬರೀ ಹೆಸರು ಹೇಳಿದರೆ ನೇಮ್‌ಸ್ಪೇಸ್ ಇಲ್ಲದ ಎಲಿಮೆಂಟ್ ಅಂತಲೇ ಅರ್ಥ. ಆ ನೇಮ್‌ಸ್ಪೇಸ್‌ಗೆ ಒಂದು ಪ್ರಿಫಿಕ್ಸ್ (ಹೆಸರಿನ ಮೊದಲು ಹಾಕುವ ಚಿಕ್ಕ ಗುರುತು) ಕೊಟ್ಟೇ ಕರೆಯಬೇಕು. ಹೊಸ ಎಲಿಮೆಂಟನ್ನೂ ಅದೇ ನೇಮ್‌ಸ್ಪೇಸ್‌ನಲ್ಲಿ ಹುಟ್ಟಿಸಬೇಕು, ಇಲ್ಲದಿದ್ದರೆ ಅದರ ಮೇಲೆ ಖಾಲಿ ನೇಮ್‌ಸ್ಪೇಸ್ ಅಂಟಿಕೊಂಡು ಬರುತ್ತದೆ. ಇದಕ್ಕೆ ಅರ್ಧ ಪುಟ ಕೊಡಿ, ಜಾಸ್ತಿಯೇ ಆದರೂ ನನ್ನ ತಕರಾರಿಲ್ಲ.

ಎಕ್ಸ್‌ಎಸ್‌ಎಲ್‌ಟಿಯ ಯಾವ ಆವೃತ್ತಿ ಅಂತಲೂ ಹೇಳಿ. 1.0 ಬಂದದ್ದು 1999ರಲ್ಲಿ, 3.0 ಬಂದದ್ದು 2017ರಲ್ಲಿ. 3.0ರಲ್ಲಿ ಐಡೆಂಟಿಟಿ ಟೆಂಪ್ಲೇಟ್ ಬರೆಯುವುದೇ ಬೇಡ, ‘ಶ್ಯಾಲೋ ಕಾಪಿ’ ಅಂತ ಮೋಡ್‌ನಲ್ಲಿ ಒಂದು ಸಾಲು ಸಾಕು. ಸ್ಯಾಕ್ಸನ್ ಅನ್ನುವ ಪ್ರೊಸೆಸರ್ ಇದ್ದರೆ ಅದು ನಡೆಯುತ್ತದೆ. ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅನ್ನುವ ಇನ್ನೊಂದು ಪ್ರೊಸೆಸರ್‌ಗೆ 1.0 ಮಾತ್ರ ಗೊತ್ತು. ನಾನು ಓಡಿಸಿದ್ದು ಅದರಲ್ಲೇ.

ನಾಲ್ಕು ಪುಟಕ್ಕೆ ಇಳಿಸಿ ಕಳಿಸಿ. ನಮ್ಮ ಪುಟದಲ್ಲಿ ಎರಡು ಕಾಲಂ, ಕೋಡಿನ ಸಾಲು ಉದ್ದ ಆದರೆ ಮುರಿಯುತ್ತದೆ, ಅದನ್ನೂ ನೋಡಿಕೊಳ್ಳಿ. ವರ್ಡ್ ಫೈಲ್ ಜೊತೆ ಮೂಲ ಪಟ್ಟಿ, ಸ್ಟೈಲ್‌ಶೀಟ್, ಬಂದ ಔಟ್‌ಪುಟ್ ಮೂರನ್ನೂ ಬೇರೆ ಬೇರೆ ಫೈಲಾಗಿ ಇಡಿ. ಮತ್ತೆ ಓಡಿಸಿ ನೋಡುತ್ತೇನೆ. ಹಾಂ, ಮೂಲ ಪಟ್ಟಿಯಲ್ಲಿ ಹೆಜಮಾಡಿಯೂ ಇಲ್ಲ. ಬೇಕಂತಲೇ ಬಿಟ್ಟಿದ್ದೋ, ಮರೆತದ್ದೋ?

ಇಂತಿ,
ಸಂಪಾದಕ, ಮಂಗಳೂರು