ಕೊಡಗಿನ ಹಿತ್ತಲಲ್ಲಿ ಎಲ್ಡರ್‌ಬೆರಿ ಬರುತ್ತದಾ?

ಮಡಿಕೇರಿ ಹತ್ತಿರದ ನಿಮ್ಮ ಮನೆ ಹಿತ್ತಲಲ್ಲಿ ಸಣ್ಣ ಕಪ್ಪು ಹಣ್ಣಿನ ಗೊಂಚಲು ಬಿಡುವ ಪೊದೆಗಿಡ ಎಲ್ಡರ್‌ಬೆರಿ ಬರುತ್ತದಾ, ಅಮೆರಿಕದಲ್ಲಿರುವ ಅಕ್ಕ ಊರಿಗೆ ಬರುವಾಗ ಕಡ್ಡಿ ತರಬಹುದಾ ಅಂತ ಕೇಳಿದ್ದೀರಿ.

ಮೊದಲು ಅಕ್ಕನಿಗೆ ಬೇಡ ಅನ್ನಿ. ಹೊರದೇಶದಿಂದ ಗಿಡದ ಕಡ್ಡಿ ತರಲು ಆಮದು ಪರವಾನಗಿಯೂ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. 2003ರಿಂದ ಇದಕ್ಕೊಂದು ಕೇಂದ್ರದ ಆದೇಶವೇ ಇದೆ. ಸುತ್ತ ಕಾಫಿ, ಮೆಣಸು ಇರುವ ಊರಿಗೆ ಸೂಟ್‌ಕೇಸಲ್ಲಿ ಹೊಸ ರೋಗ ಬರುವುದು ಯಾರಿಗೆ ಬೇಕು, ಅಲ್ವಾ? ಇಲ್ಲಿನ ನರ್ಸರಿಗಳಲ್ಲೇ ವಿಚಾರಿಸಿ.

ಕೊಳ್ಳುವಾಗ ಅಮೆರಿಕನ್ ಜಾತಿಯನ್ನೇ ಕೇಳಿ, ಸ್ಯಾಂಬುಕಸ್ ಕೆನಡೆನ್ಸಿಸ್ ಅಂತ. ಯುರೋಪಿನ ಜಾತಿಗೆ ಗಟ್ಟಿ ಚಳಿಗಾಲ ಬೇಕು. ನಮ್ಮ ಡಿಸೆಂಬರ್ ನಮಗೆ ನಡುಕ ಹುಟ್ಟಿಸಿದರೂ ಅದಕ್ಕೆ ಸಾಲದು. ಅಮೆರಿಕನ್ ಜಾತಿ ಫ್ಲೋರಿಡಾದ ಸೆಕೆಯಲ್ಲೂ ಕಾಡುಗಿಡವಾಗಿ ಬೆಳೆಯುತ್ತದೆ. ಬೇರೆ ಬೇರೆ ತಳಿಯ ಎರಡು ಗಿಡ ಆರೆಂಟು ಅಡಿ ಅಂತರದಲ್ಲಿಟ್ಟರೆ ಕಾಯಿ ಚೆನ್ನಾಗಿ ಕಟ್ಟುತ್ತದೆ.

ನಮ್ಮಲ್ಲಿ ನಿಜವಾದ ತಲೆನೋವು ನೀರು. ಇದು ಹಳ್ಳದ ಅಂಚಿನ ಗಿಡ, ತೇವ ಇಷ್ಟ. ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬೇರು ಮೇಲುಮೇಲೆಯೇ ಹರಡುವುದರಿಂದ ಬೇಸಿಗೆಯಲ್ಲಿ ಬೇಗ ಬಾಡುತ್ತದೆ ಕೂಡ. ಜೂನ್‌ನಲ್ಲಿ ಕಾಫಿ ಗಿಡದ ಜೊತೆ ಇದನ್ನೂ ನೆಟ್ಟುಬಿಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಜಡಿಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಇಳಿಜಾರಲ್ಲಿ ಅಥವಾ ಎತ್ತರದ ಏರಿಯಲ್ಲಿ ನೆಡಿ. ಸಿಲ್ವರ್ ಓಕ್ ನೆರಳಲ್ಲಿ ಗಿಡ ಬದುಕುತ್ತದೆ, ಹಣ್ಣು ಮಾತ್ರ ಕಡಿಮೆ. ಬಿಸಿಲೇ ಒಳ್ಳೆಯದು. ಬುಡಕ್ಕೆ ತರಗೆಲೆ ದಪ್ಪಗೆ ಹಾಕಿ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರಲಿ ಅಂತ ಕಾಯದೆ ಜನವರಿಯಿಂದಲೇ ನೀರು ಕೊಡಿ. ಕಳೆಯನ್ನು ಕೈಯಲ್ಲೇ ಕೀಳಿ, ಗುದ್ದಲಿ ಬೇಡ.

ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5 ಇದ್ದರೆ ಸಾಕು. ತೋಟದ ಮಣ್ಣು ಪರೀಕ್ಷೆಗೆ ಕೊಡುವಾಗ ಹಿತ್ತಲದ್ದೂ ಒಂದು ಪೊಟ್ಟಣ ಸೇರಿಸಿ. ಸುಣ್ಣ ಬೇಕೋ ಬೇಡವೋ ಗೊತ್ತಾಗುತ್ತದೆ.

ಕಪಾತು ಮಾಡುವವರಿಗೆ ಮೊದಲೇ ಹೇಳಿಡಿ, ಇದು ಕಾಫಿಯ ಲೆಕ್ಕ ಅಲ್ಲ. ಕಾಫಿಯಲ್ಲಿ ಮುಖ್ಯ ಕಾಂಡ ಉಳಿಸಿ ಅಡ್ಡ ರೆಂಬೆ ಸವರುತ್ತೇವೆ. ಇಲ್ಲಿ ಬುಡದಿಂದ ವರ್ಷವರ್ಷ ಹೊಸ ಕೋಲು ಏಳುತ್ತದೆ. ಎರಡನೇ ವರ್ಷದ ಕೋಲಲ್ಲಿ ಹಣ್ಣು ಜಾಸ್ತಿ. ಮೂರು ವರ್ಷ ದಾಟಿದ ಕೋಲನ್ನು ನೆಲಮಟ್ಟಕ್ಕೆ ಕತ್ತರಿಸಿ. ನೆಟ್ಟ ಎರಡು ವರ್ಷ ಮಾತ್ರ ಕತ್ತಿ ಮುಟ್ಟಿಸಬೇಡಿ. ಮೊದಲ ವರ್ಷ ಹೂ ಬಂದರೆ ಚಿವುಟಿ, ಬೇರು ಗಟ್ಟಿಯಾಗಲಿ.

ಹಣ್ಣು ಕಪ್ಪಾಗುವ ಹೊತ್ತಿಗೆ ಬಲೆ ಹಾಕಿ. ಇಲ್ಲದಿದ್ದರೆ ಎಲ್ಲಾ ಪಿಕಳಾರ ಹಕ್ಕಿಗಳ ಪಾಲು.

ಕೊನೆಗೆ ಉಳಿದದ್ದು, ಆದರೆ ಎಲ್ಲಕ್ಕಿಂತ ಮುಖ್ಯ: ಹಣ್ಣನ್ನು ಹಸಿಯಾಗಿ ತಿನ್ನಬಾರದು. ಎಲೆ, ಕಡ್ಡಿ, ಬೇರು, ಕಾಯಿ, ಬೀಜದಲ್ಲಿ ಹೊಟ್ಟೆಗೆ ಹೋದ ಮೇಲೆ ಸೈನೈಡ್ ಬಿಡುವ ಅಂಶ ಇದೆ. ವಾಂತಿ, ಭೇದಿ ಆಗಬಹುದು. ತೊಟ್ಟು ಬಿಡಿಸಿ, ಪೂರ್ತಿ ಮಾಗಿದ್ದನ್ನಷ್ಟೇ ಚೆನ್ನಾಗಿ ಕುದಿಸಿ, ಬೀಜ ಸೋಸಿ ಸಿರಪ್ ಮಾಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಿಡದ ಸುತ್ತ ಬೇಲಿ ಹಾಕಿ. ದನ ಇದ್ದರೂ ಅಷ್ಟೇ, ಕತ್ತರಿಸಿದ ಸೊಪ್ಪನ್ನು ಕೊಟ್ಟಿಗೆ ಕಡೆ ಎಸೆಯಬೇಡಿ.